ಅಗಲ ಟೈರು, ಮಲ್ನಾಡ್ ಮಳೆ, ಭಾವನ ಝೆಡ್ ಫೋರ್

ವೀಲ್ ಹಾಕ್ಸೋರೆಲ್ಲ ಮೊದ್ಲು ಕೇಳೋದು ಎಷ್ಟಿಂಚು ಅಂತ. ಹದಿನೇಳಾ, ಹದಿನೆಂಟಾ, ಹತ್ತೊಂಬತ್ತಾ. ಆಮೇಲೆ ಟೈರ್ ಎಷ್ಟು ಅಗಲ ಬರುತ್ತೆ ಅಂತ. ಇಷ್ಟಾದ್ರೆ ಅಂಗಡಿಯವ್ನೂ ಖುಷಿ, ದುಡ್ಡು ಕೊಡೋನೂ ಖುಷಿ. ಆದ್ರೆ ಆ ರಿಮ್ಮು ಗಾಡಿಯಲ್ಲಿ ಸರಿಯಾಗಿ ಕೂರುತ್ತಾ, ಎಲ್ಲೋ ಉಜ್ಜುತ್ತಾ ಅಂತ ತೀರ್ಮಾನ ಮಾಡೋ ನಂಬರ್ ಬೇರೆನೇ ಇದೆ. ರಿಮ್ಮಿನ ಹಿಂದ್ಗಡೆ ಸಣ್ಣ ಅಕ್ಷರದಲ್ಲಿ ಇಟಿ ಅಂತ ಅಚ್ಚು ಹೊಡ್ದಿರ್ತಾರಲ್ಲ, ಅದು. ಆಫ್‌ಸೆಟ್ ಅಂತಾರೆ. ಅಗಲ ಜಾಸ್ತಿ ಮಾಡಿದ್ರೆ ಆ ಜಾಸ್ತಿ ಆಗಿದ್ದು ಒಳಗಡೆ ಹೋಯ್ತಾ ಹೊರಗಡೆ ಬಂತಾ, ಇಡೀ ಕಥೆ ಅಷ್ಟೇ.

ಗಾಡಿ ನಂದಲ್ಲ, ಭಾವಂದು. ತೀರ್ಥಹಳ್ಳಿ ಕಡೆ ತೋಟ, ಅಡಿಕೆ ರೇಟು ಚೆನ್ನಾಗಿದ್ದ ವರ್ಷ ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝೆಡ್ ಫೋರ್ ತಗೊಂಡ್ ಬಂದ್ಬಿಟ್ರು, 2009ರಲ್ಲಿ ಶುರುವಾದ ಇ89 ಮಾಡೆಲ್ಲು, ಗಟ್ಟಿ ಛಾವಣಿನೇ ಮಡಚ್ಕೊಂಡು ಡಿಕ್ಕಿ ಒಳಗೆ ಹೋಗೋದು. ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೋ, 306 ಹಾರ್ಸ್‌ಪವರು, ಅಷ್ಟೂ ಹಿಂದಿನ ಚಕ್ರಕ್ಕೆ. ಅಕ್ಕ ಮೊದಲ್ನೇ ದಿನವೇ "ಇಬ್ರೇ ಕೂರೋ ಕಾರು, ಅಡಿಕೆ ಕೊನೆ ತೆಗೆಯೋರ್ನ ಎಲ್ಲಿ ಕೂರಿಸ್ತೀರಿ" ಅಂತ ಕೇಳಿದ್ಲು, ಅದಕ್ಕೆ ಇವತ್ತಿಗೂ ಉತ್ರ ಬಂದಿಲ್ಲ.

ನಾನು ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಷಿನ್ ಶಾಪಲ್ಲಿ ಕೆಲ್ಸ ಮಾಡೋನು, ದಿನಾ ವರ್ನಿಯರ್ (ಮಿಲಿಮೀಟರಿನ ಚೂರನ್ನೂ ಅಳೆಯೋ ಸಾಧನ) ಹಿಡಿಯೋ ಕೈ. ಹಂಗಾಗಿ ಗಾಡಿದು ಏನೇ ಅಳತೆ ಇದ್ರೂ ಭಾವ ನಂಗೇ ಫೋನ್ ಮಾಡೋದು.

ಟೈರ್ ಯಾಕೆ ಚೇಂಜ್ ಮಾಡ್ಬೇಕಾಯ್ತು ಅಂದ್ರೆ ಅದ್ರಲ್ಲಿ ಇದ್ದಿದ್ದು ರನ್‌ಫ್ಲಾಟು. ಪಂಚರ್ ಆದ್ರೂ ಸೈಡ್‌ವಾಲ್ ಗಟ್ಟಿ ಇರೋದ್ರಿಂದ ಗಾಳಿ ಇಲ್ದೇನೇ 80 ಕಿಲೋಮೀಟರ್ ಸ್ಪೀಡಲ್ಲಿ 80 ಕಿಲೋಮೀಟರ್ ದೂರ ಹೋಗ್ಬಹುದು ಅನ್ನೋ ಲೆಕ್ಕ. ಐಡಿಯಾ ಒಳ್ಳೇದೇ, ಆದ್ರೆ ಆ ಗಟ್ಟಿ ಗೋಡೆ ದಿನಾ ಗುಂಡಿ ಹಾರುವಾಗ್ಲೂ ಗಟ್ಟಿನೇ ಇರುತ್ತಲ್ಲ ಮಾರಾಯ್ರೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಮನೆ ಸೇರೋ ಹೊತ್ತಿಗೆ ಬೆನ್ನುಮೂಳೆ ಎಲ್ಲಾ ಲೆಕ್ಕ ಒಪ್ಪಿಸ್ತಿತ್ತು. ಮೇಲಿಂದ ಆ ಟೈರ್‌ಗೆ ವಯಸ್ಸಾಗಿತ್ತು, ರಬ್ಬರ್ ಉಗುರಲ್ಲಿ ಒತ್ತಿದ್ರೆ ಅಡಿಕೆ ಒತ್ತಿದಂಗೆ. ಸೈಡಲ್ಲಿ ನಾಲ್ಕಂಕಿ ಡೇಟ್ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ, ಸೆಕೆಂಡ್ ಹ್ಯಾಂಡ್ ಗಾಡಿ ತಗೊಳೋರು ಅದನ್ನ ನೋಡ್ದೆ ತಗೋಬೇಡಿ.

ಸರಿ ಟೈರ್ ಹಾಕ್ಸೋದೇ ಆದ್ರೆ ಅಲಾಯ್ನೂ ಅಗಲದ್ದು ಹಾಕ್ಸೋಣ ಅಂತ ಭಾವಂಗೆ ಆಸೆ. ಫೋಟೋ ತೋರ್ಸಿದ್ರು, ಟೈರು ಮಡ್‌ಗಾರ್ಡಿಂದ ಆಚೆ ಬಂದು ನಿಂತಿರೋದು, "ಹಿಂಗೆ ಗತ್ತಾಗಿ ಕಾಣ್ಬೇಕು ನೋಡು." ನಾನು ಹೇಳ್ದೆ, ಭಾವ, ಗತ್ತು ಆಮೇಲೆ, ಮೊದ್ಲು ಅಳೆಯೋಣ.

ಗಾಡೀಲಿ ಇದ್ದಿದ್ದು ಮುಂದೆ 8ಜೆ ಇಟಿ 29, 225/40 ಆರ್18 ಟೈರು, ಹಿಂದೆ 8.5ಜೆ ಇಟಿ 29, 255/35 ಆರ್18. 225/40 ಆರ್18 ಅಂದ್ರೆ ಟೈರ್ ಅಗಲ 225 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಆ ಅಗಲದ 40 ಪರ್ಸೆಂಟ್, ರಿಮ್ಮು 18 ಇಂಚು. ಜೆಗಿಂತ ಮೊದ್ಲಿರೋ ನಂಬರು ರಿಮ್ ಅಗಲ ಇಂಚಲ್ಲಿ. ಇಟಿ ಅಂದ್ರೆ ರಿಮ್ಮಿನ ಮಧ್ಯದ ಗೆರೆಯಿಂದ ಹಬ್‌ಗೆ (ಗಾಡೀಲಿ ವೀಲ್ ಬೋಲ್ಟ್ ಆಗೋ ಭಾಗ) ಒರಗೋ ಮುಖ ಎಷ್ಟು ಮಿಲಿಮೀಟರ್ ಹೊರಗಡೆ ಇದೆ ಅಂತ. ಇಟಿ ದೊಡ್ಡದಾದಷ್ಟೂ ರಿಮ್ಮು ಒಳಗೆ ಹೋಗುತ್ತೆ, ಸಣ್ಣದಾದಷ್ಟೂ ಹೊರಗೆ ಬರುತ್ತೆ. ಲೆಕ್ಕ ಏನೂ ದೊಡ್ಡದಲ್ಲ: ಅಗಲವನ್ನ 25.4ರಿಂದ ಗುಣಿಸಿ ಅರ್ಧ ಮಾಡಿ, ಅದ್ರಿಂದ ಇಟಿ ಕಳೆದ್ರೆ ಹೊರಗಿನ ಅಂಚು, ಕೂಡಿಸಿದ್ರೆ ಒಳಗಿನ ಅಂಚು.

ನಮಗೆ ಸಿಕ್ಕಿದ್ದು ಮುಂದಕ್ಕೆ 8.5ಜೆ ಇಟಿ 35, ಹಿಂದಕ್ಕೆ 9.5ಜೆ ಇಟಿ 35. ಹಿಂದಿನ್ದು ತಗೊಳ್ಳಿ. ಹಳೇ ರಿಮ್ಮು ಅರ್ಧಕ್ಕೆ 107.95, ಅಂದ್ರೆ ಹೊರಗೆ 78.95, ಒಳಗೆ 136.95. ಹೊಸದು ಅರ್ಧಕ್ಕೆ 120.65, ಹೊರಗೆ 85.65, ಒಳಗೆ 155.65. ಒಂದಿಂಚು ಅಗಲ ಜಾಸ್ತಿ ಆಯ್ತು, ಆದ್ರೆ ಹೊರಗೆ ಬಂದಿದ್ದು ಬರೀ 6.7 ಮಿಲಿಮೀಟರು, ಒಳಗೆ ಹೋಗಿದ್ದು 18.7. ಇದೇ ರಿಮ್ಮು ಇಟಿ 20 ತಗೊಂಡಿದ್ರೆ? ಹೊರಗೆ 21.7 ಮಿಲಿಮೀಟರು, ಒಳಗೆ 3.7. ಅದೇ ಅಗಲ, ಅದೇ ಟೈರು, ಒಂದು ಮಡ್‌ಗಾರ್ಡ್ ಒಳಗೆ ಕೂರುತ್ತೆ, ಇನ್ನೊಂದು ಮಡ್‌ಗಾರ್ಡನ್ನೇ ಕತ್ತರಿಸುತ್ತೆ. ಭಾವ ತೋರ್ಸಿದ ಫೋಟೋ ಎರಡ್ನೇ ಜಾತಿದು.

ಆಚೆ ಬಂದ್ರೆ ಏನಾಗುತ್ತೆ ಅಂತ ಬೆಂಗಳೂರಲ್ಲಿ ಕೂತೋರಿಗೆ ಗೊತ್ತಾಗಲ್ಲ. ನಮ್ಮ ಕಡೆ ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಮನೆ ದಾರಿ ಅಷ್ಟೂ ಕೆಮ್ಮಣ್ಣಿನ ರಾಡಿ, ಟೈರು ಮಡ್‌ಗಾರ್ಡಿಂದ ಹೊರಗಿದ್ರೆ ಆ ರಾಡಿ ಪೂರ್ತಿ ಬಾಗಿಲಿಗೆ, ಕನ್ನಡಿಗೆ, ಕಿಟಕಿ ಇಳಿಸಿದ್ರೆ ಬಾಯಿಗೂ ಬರುತ್ತೆ. ಜಲ್ಲಿ ಸಿಡಿದು ಪೇಂಟ್ ಹೋಗೋದು ಬೇರೆ. ಜೊತೆಗೆ ಹಬ್ ಬೇರಿಂಗ್ ಮೇಲೆ ಎಳೆತ ಜಾಸ್ತಿ, ಮತ್ತೆ ಮುಂದಿನ ಚಕ್ರ ಹೊರಗೆ ಬಂದಷ್ಟೂ ಸ್ಟೇರಿಂಗ್ ಗುಂಡಿಗೆ ಗುಂಡಿಗೆ ಕೈಯಿಂದ ಕಿತ್ಕೊಳತ್ತೆ.

ಮುಂದಿನ ಚಕ್ರಕ್ಕೆ ಲೆಕ್ಕ ಮಾಡಿದ್ರೆ ಹೊರಗಿನ ಅಂಚು ಹೆಚ್ಚುಕಮ್ಮಿ ಹಳೇ ಜಾಗದಲ್ಲೇ, ಅರ್ಧ ಮಿಲಿಮೀಟರೂ ವ್ಯತ್ಯಾಸ ಇಲ್ಲ, ಒಳಗೆ ಮಾತ್ರ 12.35 ಹೋಗುತ್ತೆ. ಒಳಗೆ ಇರೋದು ಸ್ಟ್ರಟ್ಟು, ಅಂದ್ರೆ ಶಾಕಬ್ಸರ್ ಕಂಬ. ಅಲ್ಲಿ ಕಾಗದದ ಲೆಕ್ಕ ನಡೆಯಲ್ಲ, ಯಾಕಂದ್ರೆ ಟೈರ್ ಮೇಲೆ ಬರೆದಿರೋ ಅಗಲ ಒಂದು ನಿಗದಿತ ರಿಮ್ ಮೇಲೆ ಅಳೆದಿದ್ದು, ರಿಮ್ಮು ಅರ್ಧ ಇಂಚು ಹೆಚ್ಚಾದ್ರೆ ಟೈರ್ ಹೊಟ್ಟೆ ಸುಮಾರು 5 ಮಿಲಿಮೀಟರ್ ಅಗಲ ಆಗುತ್ತೆ, ಮತ್ತೆ ಒಂದು ಕಂಪನಿ 235ಕ್ಕೂ ಇನ್ನೊಂದು ಕಂಪನಿ 235ಕ್ಕೂ ವ್ಯತ್ಯಾಸ ಇರುತ್ತೆ. ಹಂಗಾಗಿ ಅಕ್ಕನ ಮಗಳ ಹತ್ರ ಆಟದ ಕ್ಲೇ ಇತ್ತು, ಅದ್ರಲ್ಲಿ ನಿಂಬೆಕಾಯಿ ಗಾತ್ರದ ಉಂಡೆ ಮಾಡಿ ಸ್ಟ್ರಟ್‌ಗೆ ಅಂಟಿಸಿ, ವೀಲ್ ಹಾಕಿ, ಜಾಕ್ ಇಳಿಸಿ ಭಾರ ಬಿಟ್ಟು, ಸ್ಟೇರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗ್ಸಿ, ಮತ್ತೆ ಬಿಚ್ಚಿ ನೋಡಿದ್ರೆ ಕ್ಲೇ ಒಂದ್ಕಡೆ ಚಪ್ಪಟೆ ಆಗಿ ಟೈರಿನ ಅಕ್ಷರ ಕೂಡ ಉಲ್ಟಾ ಮೂಡಿತ್ತು. ಬ್ಲೇಡಲ್ಲಿ ಕೊಯ್ದು ವರ್ನಿಯರ್ ಇಟ್ರೆ 4 ಮಿಲಿಮೀಟರ್ ದಪ್ಪ. ಬರೀ 4 ಸಾಲಲ್ಲ, ತಿರುವಲ್ಲಿ ಟೈರು ಸೈಡಿಗೆ ಬಾಗುತ್ತೆ, ಕೆಸರೂ ಮೆತ್ಕೊಳತ್ತೆ. ಅದಕ್ಕೆ ಮುಂದೆ ಹಬ್ಬಿಗೂ ರಿಮ್ಮಿಗೂ ನಡುವೆ 5 ಮಿಲಿಮೀಟರ್ ಸ್ಪೇಸರ್, ಅಂದ್ರೆ ದಪ್ಪ ಬಿಲ್ಲೆ, ಹಾಕೋದು ಅಂತ ಆಯ್ತು. ಈಗ ಮುಂದೆ ಇಟಿ 30ರ ಲೆಕ್ಕ, ಹೊರಗೆ 5.35 ಬಂತು, ಒಳಗೆ 7.35. ನಿಮ್ಮ ಗಾಡಿಗೆ ಈ ನಂಬರ್ ಸುಮ್ನೆ ಎತ್ಕೊಂಡ್ ಹೋಗ್ಬೇಡಿ, ಸ್ಪ್ರಿಂಗ್ ಬದಲಾಗಿದ್ರೆ, ಹಿಂದೆ ಎಲ್ಲೋ ಆಕ್ಸಿಡೆಂಟ್ ಆಗಿ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರೋದು) ಹೆಚ್ಚುಕಮ್ಮಿ ಆಗಿದ್ರೆ ಎಲ್ಲಾ ಬೇರೆ ಆಗುತ್ತೆ.

ಟೈರ್ ಸೈಜು: ಮುಂದೆ 235/40 ಆರ್18, ಹಿಂದೆ 265/35 ಆರ್18. ವ್ಯಾಸ ಲೆಕ್ಕ ಹಾಕಿ, ಮುಂದಿನ್ದು 645.2 ಮಿಲಿಮೀಟರ್, ಹಿಂದಿನ್ದು 642.7. ಹಳೇದು 637.2 ಮತ್ತೆ 635.7. ಒಂದು ಪರ್ಸೆಂಟ್ ಚಿಲ್ಲರೆ ದೊಡ್ಡದು, ಮುಂದೆ ಹಿಂದೆ ಎರಡೂ ಜೊತೆಜೊತೆಗೇ ಬೆಳೆದಿರೋದ್ರಿಂದ ಎಬಿಎಸ್ಸು, ಟ್ರ್ಯಾಕ್ಷನ್ ಕಂಟ್ರೋಲು ತಕರಾರು ಮಾಡಲ್ಲ. ಭಾವಂಗೆ 19 ಇಂಚು ಬೇಕಿತ್ತು, ನಾನೇ ಬೇಡ ಅಂದೆ. 19ಕ್ಕೆ ಹೋದ್ರೆ ವ್ಯಾಸ ಅಷ್ಟೇ ಇಡೋಕೆ ಸೈಡ್‌ವಾಲ್ ಇನ್ನೂ ಕಮ್ಮಿ ಆಗುತ್ತೆ. ಈಗ ಮುಂದೆ 94 ಮಿಲಿಮೀಟರ್ ರಬ್ಬರ್ ಗೋಡೆ ಇದೆ, ಹಿಂದೆ 92.75, ಇದೇ ನಮ್ಮ ರೋಡಿಗೆ ಕಮ್ಮಿ. ಮಳೆಗಾಲದಲ್ಲಿ ಗುಂಡೀಲಿ ನೀರು ತುಂಬ್ಕೊಂಡ್ರೆ ಅದು ಗೇಣುದ್ದನಾ ಮೊಣಕಾಲುದ್ದನಾ ಯಾರಿಗ್ಗೊತ್ತು.

ಅಗಲ ರಿಮ್ಮಿಗೆ ಸಣ್ಣ ಟೈರ್ ಎಳೆದು ಕೂರ್ಸೋ ಫ್ಯಾಷನ್ನೂ ಇದೆ, ಅದ್ರ ಬಗ್ಗೆ ಮಾತಾಡಕ್ಕೂ ಇಷ್ಟ ಇಲ್ಲ. ರಿಮ್ಮಿನ ಅಂಚೇ ಟೈರಿಗಿಂತ ಮುಂದೆ ಬಂದಿರುತ್ತೆ, ಮೊದ್ಲು ಕಲ್ಲಿಗೆ ಹೊಡಿಯೋದೇ ಅದು. 265/35ಕ್ಕೆ 9ರಿಂದ 10.5 ಇಂಚಿನ ರಿಮ್ಮು, 235/40ಕ್ಕೆ 8ರಿಂದ 9.5, ಅಷ್ಟರೊಳಗೇ ಇರಿ. ಲೋಡ್ ಇಂಡೆಕ್ಸೂ ಹಳೇದಕ್ಕಿಂತ ಕಮ್ಮಿ ಆಗ್ಬಾರ್ದು, 95 ಅಂದ್ರೆ ಒಂದು ಟೈರಿಗೆ 690 ಕೆಜಿ, 97 ಅಂದ್ರೆ 730.

ಇನ್ನು ನಂಗೆ ತುಂಬಾ ಇಷ್ಟ ಆದ ಕೆಲ್ಸ. ಪಿಸಿಡಿ, ಅಂದ್ರೆ ಬೋಲ್ಟ್ ತೂತುಗಳು ಕೂರೋ ವೃತ್ತದ ವ್ಯಾಸ, ಸರಿ ಇತ್ತು, 5 ಬೋಲ್ಟು 120 ಮಿಲಿಮೀಟರ್, ಆದ್ರೆ ಹೊಸ ರಿಮ್ಮಿನ ನಡುವಿನ ತೂತು 76.1, ಗಾಡಿ ಹಬ್ಬು 72.6. ಆಫ್ಟರ್‌ಮಾರ್ಕೆಟ್ ರಿಮ್ಮಲ್ಲಿ ಇದು ಮಾಮೂಲಿ, ಹತ್ತು ಥರ ಗಾಡಿಗೆ ಒಂದೇ ರಿಮ್ಮು ಮಾರ್ಬೇಕಲ್ಲ, ತೂತು ದೊಡ್ಡದಾಗಿ ಕೊರ್ದು ಬಿಡ್ತಾರೆ. ನಡುವೆ ರಿಂಗ್ ಹಾಕ್ಬೇಕು. ಇಲ್ದಿದ್ರೆ ವೀಲು ನಡುವಿಗೆ ಕೂರೋದು ಬೋಲ್ಟ್ ಮೇಲೇ, ಕೂಲಿ ಹುಡುಗ ಒಂದ್ಕಡೆ ಬಿಗಿದು ಇನ್ನೊಂದ್ಕಡೆ ಆಮೇಲೆ ಬಿಗಿದ್ರೆ ಕೂದಲೆಳೆ ಅಷ್ಟು ಆಚೀಚೆ ಆಗಿ 80ರ ಮೇಲೆ ಸ್ಟೇರಿಂಗ್ ನಡುಗುತ್ತೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿದ್ರೂ ಹೋಗಲ್ಲ. ರಿಮ್ ಜೊತೆ ಪ್ಲಾಸ್ಟಿಕ್ ರಿಂಗ್ ಕೊಟ್ಟಿದ್ರು. ಬಯಲುಸೀಮೆಗೆ ಅದು ಸಾಕೇನೋ, ಆಗುಂಬೆ ಘಾಟಿಯ 14 ತಿರುವು ಬ್ರೇಕ್ ಹಿಡ್ಕೊಂಡು ಸೋಮೇಶ್ವರಕ್ಕೆ ಇಳಿದ್ರೆ ಡಿಸ್ಕು ಕೈ ಹತ್ರ ತರಕ್ಕಾಗಲ್ಲ, ಆ ಬಿಸಿ ಎಲ್ಲಾ ಹಬ್‌ಗೆ ಬರುತ್ತೆ, ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಭಾನುವಾರ ಶಾಪಲ್ಲಿ ಓನರ್ ಹತ್ರ ಕೇಳ್ಕೊಂಡು ಲೇತ್ ಮೇಲೆ ಅಲ್ಯುಮಿನಿಯಂ ರಾಡಿಂದ ನಾಲ್ಕು ರಿಂಗ್ ತಿರುವಿದೆ. ಗೋಡೆ ಬರೀ 1.75 ಮಿಲಿಮೀಟರು, ಲೇತಿನ ಹಿಡಿತ ಇರೋ ಚಕ್ಕಲ್ಲಿ ಸ್ವಲ್ಪ ಜಾಸ್ತಿ ಹಿಡಿದ್ರೆ ಮೊಟ್ಟೆ ಆಕಾರ ಆಗ್ಬಿಡುತ್ತೆ, ಅದಕ್ಕೆ ಒಳಗಿನ ಬೋರು ಹೊರಗಿನ ಮೈ ಎರಡೂ ಒಂದೇ ಸಲಕ್ಕೆ ಮಾಡಿ ಕೊನೆಗೆ ಪಾರ್ಟಿಂಗ್ ಟೂಲಲ್ಲಿ ಕತ್ತರಿಸಿದ್ದು. ಮುಂದಿನ ಎರಡು ರಿಂಗಿಗೆ ಸ್ಪೇಸರ್ ದಪ್ಪ ಲೆಕ್ಕ ಇಟ್ಕೊಳ್ಬೇಕು, ಸ್ಪೇಸರ್ ಹಾಕಿದ್ರೆ ಹಬ್ಬಿನ ತುಟಿ ಅಷ್ಟು ಕಮ್ಮಿ ಉಳಿಯುತ್ತೆ. ಕಬ್ಬಿಣ ಮತ್ತೆ ಅಲ್ಯುಮಿನಿಯಂ ಸೇರಿ ನೀರು ಬಿದ್ರೆ ಹಿಡ್ಕೊಂಡ್ಬಿಡುತ್ತೆ, ಆಮೇಲೆ ಗುದ್ದಿದ್ರೂ ವೀಲ್ ಬಿಚ್ಚಲ್ಲ, ಅದಕ್ಕೆ ಹಬ್ ಮುಖಕ್ಕೆ ತೆಳ್ಳಗೆ ಕಾಪರ್ ಗ್ರೀಸ್ ಸವರಿದೆ. ಬೋಲ್ಟ್ ದಾರಕ್ಕೆ (ಥ್ರೆಡ್‌ಗೆ) ಮಾತ್ರ ಗ್ರೀಸ್ ಮುಟ್ಟಿಸ್ಬೇಡಿ, ಟಾರ್ಕ್ ಲೆಕ್ಕ ತಪ್ಪುತ್ತೆ.

ಬೋಲ್ಟು ಈ ಗಾಡಿಗೆ ಎಂ12, 1.5 ಪಿಚ್ಚು, ತಲೆ ಕೆಳಗೆ ಕೋನ್ ಆಕಾರ. ಫೋಕ್ಸ್‌ವ್ಯಾಗನ್, ಆಡಿದು ಗುಂಡಗೆ ಬರುತ್ತೆ, ಎಂ14, ಅದನ್ನ ಇದಕ್ಕೆ ಇದನ್ನ ಅದಕ್ಕೆ ಹಾಕಂಗಿಲ್ಲ. ಸ್ಪೇಸರ್ 5 ಆದ್ರೆ ಬೋಲ್ಟೂ 5 ಉದ್ದ ಬೇಕು, ಕಮ್ಮಿ ಅಂದ್ರೂ 8 ಸುತ್ತು ದಾರ ಹಿಡೀಬೇಕು, ಹಂಗಂತ ಉದ್ದ ಹೆಚ್ಚಾಗಿ ಹಬ್ ಹಿಂದೆ ಯಾವ್ದಕ್ಕೋ ತಾಗ್ಬಾರ್ದು, ಅದಕ್ಕೆ ಬೋಲ್ಟ್ ಬಿಗಿದ್ಮೇಲೆ ವೀಲ್ ಕೈಯಲ್ಲಿ ತಿರುಗ್ಸಿ ಕಿವಿ ಕೊಟ್ಟು ಕೇಳ್ಬೇಕು. 120 ನ್ಯೂಟನ್ ಮೀಟರ್, ಟಾರ್ಕ್ ವ್ರೆಂಚಲ್ಲಿ, ನಕ್ಷತ್ರ ಬರೆದಂಗೆ ಎದುರುಬದುರು ಬಿಗಿಯೋದು, 50-100 ಕಿಲೋಮೀಟರ್ ಓಡಿಸಿ ಮತ್ತೊಂದ್ಸಲ. ನಗರದಲ್ಲಿ ಒಂದು ಅಂಗಡೀಲಿ ಏರ್ ಗನ್ ತಗೊಂಡು ಟರ್ ಅಂತ ಬಿಗಿಯಕ್ಕೆ ಬಂದ, ನಾನು ಕೈ ಅಡ್ಡ ಹಿಡ್ದೆ. ಬೇಜಾರ್ ಮಾಡ್ಕೊಂಡ, ಮಾಡ್ಕೊಳ್ಲಿ.

ಉಜ್ಜುತ್ತಾ ಅಂತ ನೋಡಕ್ಕೆ ಮಡ್‌ಗಾರ್ಡ್ ಲೈನರ್ ಒಳಗೆಲ್ಲ ಸುಣ್ಣ ಬಳಿದ್ವಿ. ಛಾವಣಿ ಮಡಚಿ ಡಿಕ್ಕಿಗೆ ಹಾಕಿದ್ರೆ ಭಾರ ಹಿಂದಕ್ಕೆ ಹೋಗುತ್ತೆ, ಅದಕ್ಕೆ ಛಾವಣಿ ಮಡಚೇ ನಾವಿಬ್ರು ಕೂತು ತೋಟದ ದರೆ ಪಕ್ಕದ ಏರಲ್ಲಿ ಒಂದು ಚಕ್ರ ಮೇಲೆ ಒಂದು ಕೆಳಗೆ ಆಗೋ ಥರ ಅಡ್ಡಡ್ಡ ಹತ್ತಿಸಿ ಇಳಿಸಿದ್ದು. ಬಿಚ್ಚಿ ನೋಡಿದ್ರೆ ಎಡ ಮುಂದಿನ ಲೈನರಲ್ಲಿ ಹೆಬ್ಬೆರಳಗಲ ಸುಣ್ಣ ಅಳಿಸಿತ್ತು, ಅಲ್ಲೊಂದು ಪ್ಲಾಸ್ಟಿಕ್ ಕ್ಲಿಪ್ ಜೋತು ಬಿದ್ದಿತ್ತು, ಹೊಸ ಕ್ಲಿಪ್ ಹಾಕಿದ್ಮೇಲೆ ಇಲ್ಲ. ಹಿಂದೆ ಏನೂ ತಾಗಿಲ್ಲ. ಹಳೇ ವೀಲು ಹೊಸ ವೀಲು ಎರಡನ್ನೂ ಅಡಿಕೆ ಮೂಟೆ ತೂಗೋ ಮಷಿನ್ ಮೇಲೆ ಇಟ್ವಿ, ಹಿಂದಿನ್ದು ಅಗಲ ಆದ್ರೂ ನಾಲ್ಕು ಕೆಜಿ ಹತ್ರ ಕಮ್ಮಿನೇ ಬಂತು, ರನ್‌ಫ್ಲಾಟ್ ಹೋಗಿದ್ದಕ್ಕೆ ಮತ್ತೆ ರಿಮ್ಮು ಫ್ಲೋ ಫಾರ್ಮ್ (ತಿರುಗಿಸ್ತಾ ಒತ್ತಿ ತೆಳ್ಳಗೆ ಮಾಡಿದ್ದು) ಆಗಿರೋದಕ್ಕೆ.

ಈಗ ಮಳೆ ವಿಷ್ಯ, ಇದ್ರ ಬಗ್ಗೆ ಭಾವಂಗೂ ನಂಗೂ ದೊಡ್ಡ ಜಗಳ ಆಗಿದೆ. ಅಗಲ ಟೈರ್ ಅಂದ್ರೆ ಗ್ರಿಪ್ ಜಾಸ್ತಿ ಅಂತ ಎಲ್ರೂ ಹೇಳ್ತಾರೆ. ಒಣ ರೋಡಲ್ಲಿ ಹೌದು, ತಿರುವಲ್ಲಿ ಗೊತ್ತಾಗುತ್ತೆ. ಆದ್ರೆ ಟೈರು ನೆಲಕ್ಕೆ ಊರೋ ಜಾಗ ಎಷ್ಟು ಅನ್ನೋದು ಹೆಚ್ಚುಕಮ್ಮಿ ಗಾಳಿ ಮೇಲೆ ನಿಂತಿದೆ: ಒಂದು ಚಕ್ರದ ಮೇಲೆ 400 ಕೆಜಿ, ಗಾಳಿ 32 ಪಿಎಸ್ಐ ಅಂದ್ರೆ ಸುಮಾರು 180 ಚದರ ಸೆಂಟಿಮೀಟರ್, ಟೈರ್ 225 ಆಗ್ಲಿ 265 ಆಗ್ಲಿ. ಅಗಲ ಆದಾಗ ಆ ಜಾಗ ಉದ್ದ ಕಮ್ಮಿ ಆಗಿ ಅಡ್ಡಕ್ಕೆ ಹರಡುತ್ತೆ. ಅಂದ್ರೆ ಎದುರಿಗೆ ಬರೋ ನೀರು ಜಾಸ್ತಿ, ಅದನ್ನ ಪಕ್ಕಕ್ಕೆ ತಳ್ಳಕ್ಕೆ ಸಿಗೋ ಟೈಮ್ ಕಮ್ಮಿ. ನೀರಿನ ಮೇಲೆ ಟೈರ್ ತೇಲೋದು ಬೇಗ ಶುರು ಆಗುತ್ತೆ. ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳೋ ಆಗುಂಬೆ ಪಕ್ಕದಲ್ಲಿ ಕೂತ್ಕೊಂಡು ಇದನ್ನ ಲೆಕ್ಕಕ್ಕೆ ಇಟ್ಕೊಳ್ದೆ ಹೆಂಗೆ.

ಭಾವನ ವಾದ ಏನಂದ್ರೆ "ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದ್ರೆ ಆಯ್ತಲ್ಲ, ಗ್ರಿಪ್ ಬರುತ್ತೆ." ನಮ್ಮೂರಲ್ಲಿ ಜೀಪ್ ಓಡ್ಸೋರೆಲ್ಲ ಇದೇ ಹೇಳೋದು. ಕೆಸರಲ್ಲಿ ನಿಧಾನಕ್ಕೆ ಹೋಗುವಾಗ ನಿಜ, ಟಾರ್ ರೋಡಲ್ಲಿ ನಿಂತ ನೀರಿನ ಮೇಲೆ ಉಲ್ಟಾ. 1960ರ ದಶಕದಲ್ಲಿ ನಾಸಾದವ್ರು ವಿಮಾನದ ಟೈರ್ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟಿದ್ರು, ಪಿಎಸ್ಐಯ ವರ್ಗಮೂಲಕ್ಕೆ 9ರಿಂದ ಗುಣಿಸಿದ್ರೆ ಎಷ್ಟು ನಾಟ್ (ವಿಮಾನದೋರ ಸ್ಪೀಡ್ ಅಳತೆ, ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಸ್ಪೀಡಲ್ಲಿ ಟೈರ್ ತೇಲುತ್ತೆ ಅಂತ. 36 ಪಿಎಸ್ಐಗೆ ಗಂಟೆಗೆ 100 ಕಿಲೋಮೀಟರ್, 32ಕ್ಕೆ 94, 25ಕ್ಕೆ ಇಳಿಸಿದ್ರೆ 83. ಕಾರ್ ಟೈರಿಗೆ ಇದು ಹಂಗ್ಹಂಗೇ ಹೊಂದಲ್ಲ, ಅಗಲ, ಗ್ರೂವ್ ಆಳ ಎಲ್ಲಾ ಸೇರುತ್ತೆ, ಸವೆದಿದ್ರೆ ಇನ್ನೂ ಕಮ್ಮಿ ಸ್ಪೀಡಿಗೇ ತೇಲುತ್ತೆ, ಆದ್ರೆ ದಿಕ್ಕು ಸರಿ, ಗಾಳಿ ಇಳಿದಷ್ಟೂ ಬೇಗ ತೇಲುತ್ತೆ. ಕೊನೆಗೆ ಭಾವ ಒಪ್ಪಿದ್ದು ಸೂತ್ರಕ್ಕಲ್ಲ, ಮಂಡಗದ್ದೆ ಹತ್ರ ಲಾರಿ ಚಕ್ರದ ಜಾಡು ಬಿದ್ದ ಕಡೆ ನೀರು ತುಂಬಿದ್ರಲ್ಲಿ ಸ್ಟೇರಿಂಗ್ ಒಂದು ಕ್ಷಣ ಹಗುರ ಆಗಿ ಹೊಟ್ಟೆ ತಣ್ಣಗಾದಾಗ. "ಎಂತದಾ ಇದು, ಗಾಡಿ ನೆಲದ ಮೇಲೇ ಇಲ್ಲ!"

ಅದಕ್ಕೇ 265ಕ್ಕೆ ನಿಲ್ಸಿದ್ದು. ಆ ರಿಮ್ಮಿಗೆ 275 ಕೂರುತ್ತೆ, ಬೇಡ. ಗ್ರೂವ್ ದೊಡ್ಡದಿರೋ ಟೈರ್ ನೋಡಿ ತಗೊಂಡಿದ್ದು, ಟ್ರ್ಯಾಕ್ ಟೈರ್ ಅಲ್ಲ. ಕಾನೂನು 1.6 ಮಿಲಿಮೀಟರ್ ಗ್ರೂವ್ ಇದ್ರೆ ಸಾಕು ಅನ್ನುತ್ತೆ, ನಮ್ಮ ಕಡೆ 3ಕ್ಕೆ ಬಂದ್ರೆ ಮೇ ತಿಂಗಳಲ್ಲೇ ಬದಲಾಯಿಸಿ. ಅಗಲ ಟೈರ್ ಆ ಜಾಡು ಹಿಡ್ಕೊಂಡು ಆಚೀಚೆ ಎಳೆಯೋದು ಒಣ ರೋಡಲ್ಲೂ ಇದೆ, ಅಲೈನ್‌ಮೆಂಟ್ ಸರಿ ಮಾಡಿಸಿದ್ರೆ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ, ಎರಡೂ ಕೈ ಸ್ಟೇರಿಂಗ್ ಮೇಲೆ ಇರ್ಲಿ ಅಷ್ಟೇ.

ರನ್‌ಫ್ಲಾಟ್ ಹೋಯ್ತಲ್ಲ, ಸ್ಟೆಪ್ನಿ ಇಡೋಕೆ ಈ ಗಾಡೀಲಿ ಜಾಗನೇ ಇಲ್ಲ. ಪಂಚರ್ ಹಾಕೋ ಸ್ಟ್ರಿಪ್ ಕಿಟ್ಟು, ಲೈಟರ್ ಸಾಕೆಟ್‌ಗೆ ಹಾಕೋ ಗಾಳಿ ಪಂಪು, ಟಾರ್ಚು, ಒಂದು ಗೋಣಿಚೀಲ ಡಿಕ್ಕೀಲಿ ಇಟ್ಟಿದೀವಿ, ಮಳೇಲಿ ಮಂಡಿಯೂರಿ ಕೂರಕ್ಕೆ. ಸೈಡ್‌ವಾಲ್ ಹರಿದ್ರೆ ಇದ್ಯಾವ್ದೂ ಪ್ರಯೋಜನ ಇಲ್ಲ, ಹುಲಿಕಲ್ ಘಾಟಿ ಕಡೆ ರಾತ್ರಿ ಹೋಗೋದಿದ್ರೆ ಭಾವ ಹಳೇ ಬೊಲೆರೋ ತಗೊಂಡೇ ಹೋಗೋದು.

ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್‌ಗೂ ಆರ್‌ಸೀಲಿ ಇರೋದಕ್ಕೂ ಹೊಂದದ ಹಂಗೆ ಗಾಡಿ ಮಾರ್ಪಾಡು ಮಾಡಂಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನ ಎತ್ತಿ ಹೇಳಿದೆ. ಟೈರ್ ಮಡ್‌ಗಾರ್ಡ್ ಒಳಗೇ ಇದ್ದು, ವ್ಯಾಸ ಹೆಚ್ಚು ಬದಲಾಗದೆ, ಲೋಡ್ ಇಂಡೆಕ್ಸ್ ಕಮ್ಮಿ ಆಗದೆ ಇದ್ರೂ ಇನ್ಶೂರೆನ್ಸ್‌ನೋರಿಗೆ ಮೊದ್ಲೇ ಬರೆದು ತಿಳಿಸೋದು ಒಳ್ಳೇದು, ಕ್ಲೇಮ್ ಟೈಮಲ್ಲಿ ಅವ್ರೇ ಮೊದ್ಲು ಫೋಟೋ ತೆಗೆಯೋದು ಚಕ್ರದ್ದು. ನಾವು ರಿಮ್ಮಿನ ಬಿಲ್ಲು, ಟೈರ್ ಮೇಲಿನ ಐಎಸ್ಐ ಗುರುತಿನ ಫೋಟೋ, ಸೈಜು ಎಲ್ಲಾ ಸೇರ್ಸಿ ಮೇಲ್ ಕಳ್ಸಿದೀವಿ.

ಹಳೇ ನಾಲ್ಕು ರಿಮ್ಮು, ಹಳೇ ಬೋಲ್ಟು ಎಲ್ಲಾ ಎಣ್ಣೆ ಸವರಿ ಅಡಿಕೆ ಅಟ್ಟದ ಮೇಲೆ ಹಾಕಿದೀವಿ. ಭಾವ ಮಾರೋಣ ಅಂತಿದ್ರು, ನಾಳೆ ಗಾಡಿ ಮಾರ್ಬೇಕಾದ್ರೆ ಒರಿಜಿನಲ್ ವೀಲ್ ಇದೆ ಅಂದ್ರೇನೇ ರೇಟು ಅಂತ ಹೇಳಿ ನಿಲ್ಸಿದೀನಿ. ಝೆಡ್ ಫೋರ್ ಇ89 ಇರೋರು ಯಾರಾದ್ರೂ ಹಿಂದೆ 9.5ಜೆ ಇಟಿ 35 ಹಾಕಿ ಸ್ಪ್ರಿಂಗೂ ತಗ್ಗಿಸಿದ್ರೆ ಒಳಗಡೆ ಎಷ್ಟು ಜಾಗ ಉಳೀತು ಅಂತ ಹೇಳಿ, ಯಾಕಂದ್ರೆ ಭಾವಂಗೆ ಈಗ ಗಾಡಿ ಒಂಚೂರು ಕೆಳಗಿದ್ರೆ ಚೆನ್ನಾಗಿರುತ್ತೆ ಅಂತ ಶುರುವಾಗಿದೆ. ಮನೆ ಹತ್ರ ಇರೋ ಹಂಪ್ ಎತ್ತರ ಅಳೆದು ಹೇಳ್ತೀನಿ ಅಂತ ಹೇಳಿ ಬಂದಿದೀನಿ.